ಏಳು ಗೇಣಿನ ಹಿರಿಯರು

"ಯಾವ ಮೀನನ್ನಾದರೂ ತನ್ನಿ, ಗೇಣು ಹಾಕಿ ಅದರ ವಯಸ್ಸು ಹೇಳಿಬಿಡ್ತೀನಿ!"

ಹೀಗಂತ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡವನು ಕಲ್ಲಹಳ್ಳದ ಪಾಳೇಗಾರ ಗೋಪಾಲನಾಯಕ. ಅವನ ಲೆಕ್ಕ ಬಲು ಸಲೀಸು: ಒಂದು ಗೇಣಿಗೆ ಹತ್ತು ವರ್ಷ. ಯಾರು ಹೇಳಿಕೊಟ್ಟರು ಅಂತ ಕೇಳಬೇಡಿ. ಅರಮನೆಯಲ್ಲೇ ಯಾರೂ ಕೇಳಲಿಲ್ಲ, ನಿಮಗ್ಯಾಕೆ?

ಇಷ್ಟಕ್ಕೇ ನಿಂತಿದ್ದರೆ ನಕ್ಕು ಮನೆಗೆ ಹೋಗಬಹುದಿತ್ತು. ಆದರೆ ನಾಯಕನಿಗೆ ಅರವತ್ತನಾಲ್ಕು ತುಂಬಿತ್ತು. ತನಗಿಂತ ಹಿರಿಯರು ಸಿಕ್ಕರೆ ಅವನಿಗೆ ಎಲ್ಲಿಲ್ಲದ ಖುಷಿ, ಅವರ ಪಕ್ಕದಲ್ಲಿ ತಾನು ಹುಡುಗನಲ್ಲವೇ! ಅದಕ್ಕೇ ಒಂದು ಕಟ್ಟಳೆ ಮಾಡಿದ್ದ: ನಾಯಕರಿಗಿಂತ ಹಿರಿಯರನ್ನು ಯಾರೂ ನೋಯಿಸುವಂತಿಲ್ಲ, ಮನುಷ್ಯರಾಗಲಿ, ಎಮ್ಮೆಯಾಗಲಿ, ಮೀನಾಗಲಿ.

ಅವತ್ತು ಬೆಳಗ್ಗೆಯೇ ಮೀನುಗಾರ ಕೆಂಚಯ್ಯನ ಬಲೆಗೆ ಭಾರಿ ಬಾಳೆಮೀನು ಬಿದ್ದಿತ್ತು. ಹೆಗಲ ಮೇಲೆ ಹೊತ್ತರೂ ಬಾಲ ನೆಲ ಗುಡಿಸುತ್ತಿತ್ತು. ಭಟರು ಅದನ್ನೂ ಅವನನ್ನೂ ಒಟ್ಟಿಗೆ ಸಭೆಗೆ ಎಳೆದು ತಂದರು.

ನಾಯಕ ಗೇಣು ಹಾಕಿದ. ಏಳು!

"ಎಪ್ಪತ್ತು ವರ್ಷ! ಅಯ್ಯೋ ಪಾಪಿ, ನನಗಿಂತ ಆರು ವರ್ಷ ದೊಡ್ಡವರನ್ನ ಕೊಂದೆಯಲ್ಲೋ!"

ಮೀನಿಗೆ ರೇಷ್ಮೆ ಶಾಲು ಹೊದಿಸಿದರು. ಪುರೋಹಿತರು ಬಂದು ಅದರ ಗೋತ್ರ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

"ಬುದ್ಧೀ, ಅದು ಮೀನು ಬುದ್ಧೀ," ಕೆಂಚಯ್ಯ ಕಾಲಿಗೆ ಬಿದ್ದ. "ಚಿಕ್ಕ ಮೀನುಗಳನ್ನ ತಿಂದೂ ತಿಂದೂ ಉದ್ದ ಆಗೈತೆ. ಹೆಚ್ಚಂದ್ರೆ ನಾಕು ವರ್ಷದ್ದು."

"ಹಿರಿಯರನ್ನ ನಾಲ್ಕು ವರ್ಷ ಅಂತೀಯಾ? ಇವನ ದೋಣಿ, ಬಲೆ ಸುಟ್ಟುಹಾಕಿ! ಇನ್ನು ಕೆರೆ ಕಡೆ ಇವನು ತಲೆ ಹಾಕಿಯೂ ಮಲಗಬಾರದು!"

ಕೆಂಚಯ್ಯ ಗೊಳೋ ಅಂತ ಅತ್ತ. ಕೆರೆ ಬಿಟ್ಟರೆ ಅವನಿಗೆ ಬೇರೆ ಕಸುಬು ಬಾರದು. ಮನೆಯಲ್ಲಿ ಉಣ್ಣುವ ಬಾಯಿ ಏಳು.

ಆಗ ಆಸ್ಥಾನದ ವಿದೂಷಕ ನಂಜೇಶಯ್ಯ ಎದ್ದು ಕೈಮುಗಿದ.

"ಪ್ರಭು, ಎಂಥಾ ಲೆಕ್ಕ ಕಂಡುಹಿಡಿದಿರಿ! ಇದನ್ನ ಬರೀ ಮೀನಿಗೆ ಯಾಕೆ ಬಿಡಬೇಕು? ತಮ್ಮನ್ನೂ ಅಳೆಯೋಣ."

ನಾಯಕ ಕುಳ್ಳ. ಕಿರೀಟ ತೆಗೆಸಿ ಅಳೆದರೆ ಆರೇ ಗೇಣು.

"ಅರವತ್ತು! ನೋಡಿದಿರೇನ್ರೋ, ಒಂದೇ ಏಟಿಗೆ ನಾಲ್ಕು ವರ್ಷ ಇಳಿದುಬಿಟ್ಟೆ!" ನಾಯಕ ಕುಣಿದಾಡಿದ.

"ಲೆಕ್ಕದಲ್ಲಿ ಸಂದೇಹ ಇಲ್ಲ ತಾನೇ ಪ್ರಭು?"

"ಎಳ್ಳಷ್ಟೂ ಇಲ್ಲ!"

"ಹಾಗಾದರೆ ಯುವರಾಜರು ಸ್ವಲ್ಪ ಈ ಕಡೆ ದಯಮಾಡಿಸಲಿ."

ಯುವರಾಜ ರಂಗನಾಯಕ ತೆಂಗಿನ ಮರದ ಹಾಗೆ ಬೆಳೆದಿದ್ದ. ನಂಜೇಶಯ್ಯ ಮಣೆ ಹತ್ತಿ ನಿಂತು ಗೇಣು ಹಾಕಿದ. ಎಂಟು! ತಕ್ಷಣ ಕೆಳಗಿಳಿದು ಉದ್ದಕ್ಕೆ ಅಡ್ಡಬಿದ್ದ.

"ಎಂಬತ್ತು ವರ್ಷದ ಹಿರಿಯರು! ಆಶೀರ್ವಾದ ಮಾಡಬೇಕು."

ಸಭೆಯವರು ಬೆರಳು ಮಡಿಸತೊಡಗಿದರು. ಮಗನಿಗೆ ಎಂಬತ್ತು, ಅಪ್ಪನಿಗೆ ಅರವತ್ತು.

"ಪಟ್ಟ ಹಿರಿಯರಿಗೆ ಸೇರಬೇಕಾದ್ದು, ಪ್ರಭು," ಅಂದ ನಂಜೇಶಯ್ಯ. "ತಮಗೇನು, ಇನ್ನೂ ಸಣ್ಣ ವಯಸ್ಸು. ಕಾಯಬಹುದು."

ಯುವರಾಜ ಎಷ್ಟೋ ವರ್ಷದಿಂದ ಈ ಒಂದು ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದ. ನೇರ ಸಿಂಹಾಸನದ ಹತ್ತಿರ ಬಂದು, "ಅಪ್ಪಾಜಿ..." ಅಂದವನು, ತನ್ನ ವಯಸ್ಸು ನೆನಪಾಗಿ ಗಂಟಲು ಸರಿಮಾಡಿಕೊಂಡ. "ಮಗೂ, ಸ್ವಲ್ಪ ಸರಿಯಪ್ಪಾ."

ಪಕ್ಕದಲ್ಲೇ ನಿಂತಿದ್ದ ನಾಯಕ ಸಿಂಹಾಸನವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

"ಬಿಡ್ರೋ! ಲೆಕ್ಕ ತಪ್ಪು! ಉದ್ದಕ್ಕೂ ವಯಸ್ಸಿಗೂ ಏನು ಸಂಬಂಧ? ಇವನು ತಿಂದೂ ತಿಂದೂ ಉದ್ದ ಆಗಿದ್ದಾನೆ!"

"ಕೆಂಚಯ್ಯನೂ ಅದನ್ನೇ ಹೇಳಿದ, ಪ್ರಭು."

ನಾಯಕ ನಂಜೇಶಯ್ಯನನ್ನು ದುರುಗುಟ್ಟಿ ನೋಡಿದ, ಮೀನನ್ನು ನೋಡಿದ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿ, ಬಲೆ, ಕೆರೆ ಎಲ್ಲವೂ ಕೆಂಚಯ್ಯನಿಗೇ ಉಳಿದವು. ಮೀನು ಹೊದ್ದಿದ್ದ ಶಾಲು ನಂಜೇಶಯ್ಯನ ಹೆಗಲೇರಿತು, ವಾಸನೆ ಸಮೇತ.

"ಅದಿರಲಿ ನಂಜೇಶ," ನಾಯಕ ಮೆಲ್ಲಗೆ ಕೇಳಿದ, "ಈ ಮೀನಿಗೆ ನಿಜವಾಗಿ ಎಷ್ಟು ವಯಸ್ಸು?"

"ಒಲೆಯ ಮೇಲಿಟ್ಟರೆ ಗೊತ್ತಾಗುತ್ತೆ, ಪ್ರಭು. ಬೇಗ ಬೆಂದರೆ ಹುಡುಗ. ಎಷ್ಟು ಸೌದೆ ಉರಿಸಿದರೂ ಮೆತ್ತಗಾಗದೆ, ಪಾತ್ರೆಯನ್ನೇ ತಬ್ಬಿಕೊಂಡು ಕೂತರೆ, ಖಂಡಿತ ತಮ್ಮ ಓರಗೆಯವರು."