ಏಡಿ ಹೇಳಿದ ಅಡ್ಡನಡಿಗೆಯ ಕಥೆ

ಗದ್ದೆಯ ಬದುವಿನ ಮೇಲೆ ಮುಂಗುಸಿಯೊಂದು ಏಡಿಯನ್ನು ಅಡ್ಡಗಟ್ಟಿತು. "ನಿನ್ನನ್ನು ತಿನ್ನುವುದಂತೂ ಖಂಡಿತ. ಅದಕ್ಕೆ ಮೊದಲು ಒಂದು ಮಾತು ಹೇಳು. ನಿಮ್ಮವರೆಲ್ಲ ಅಡ್ಡಡ್ಡ ನಡೆಯುವುದೇಕೆ?"

"ಅದಕ್ಕೊಂದು ಹಳೆಯ ಕಥೆಯಿದೆ, ಮಾವ," ಎಂದಿತು ಏಡಿ. "ಆದರೆ ಇಂಥ ಕಥೆಯನ್ನು ಅದು ನಡೆದ ಜಾಗದಲ್ಲೇ ಹೇಳಬೇಕು. ಕೇಳುವವರು ಹೂಂಗುಟ್ಟುತ್ತಿರಬೇಕು. ಬಾಯಿ ತೆರೆದರೆ ಕಥೆ ಕೆಡುತ್ತದೆ."

ಕಥೆಯೆಂದರೆ ಪ್ರಾಣ ಬಿಡುವ ಮುಂಗುಸಿ ಒಪ್ಪಿತು.

"ಸೂರ್ಯ ಇನ್ನೂ ತೊಟ್ಟಿಲಲ್ಲಿದ್ದ ಕಾಲ. ನಮ್ಮ ಮುತ್ತಜ್ಜ ನೆಟ್ಟಗೇ ನಡೆಯುತ್ತಿದ್ದ. ಇಲ್ಲಿ ಅಲ್ಲ, ಆ ಕಲ್ಲಿನ ಹತ್ತಿರ." ಏಡಿ ಮುಂಗುಸಿಯ ಮುಖವನ್ನೇ ನೋಡುತ್ತ ನಾಲ್ಕು ಹೆಜ್ಜೆ ಸರಿಯಿತು.

"ಹೂಂ," ಎಂದು ಮುಂಗುಸಿ ಹಿಂಬಾಲಿಸಿತು.

"ಒಂದು ದಿನ ಚಂದ್ರ ಎದುರಾದ. ಅದು ಈ ಗರಿಕೆಯ ಬಳಿ."

"ಹೂಂ."

"ಇಬ್ಬರಿಗೂ ಜಗಳ ಹತ್ತಿತು. ಅದು ಮಾತ್ರ ಇಲ್ಲಿ!" ಎನ್ನುತ್ತಲೇ ಏಡಿ ತನ್ನ ಬಿಲದೊಳಗೆ ಜಾರಿತು.

ಮುಂಗುಸಿ ಬಿಲಕ್ಕೆ ಮೂತಿಯಿಟ್ಟು ಗೋಗರೆಯಿತು: "ತಿನ್ನುವುದು ಹಾಳಾಗಲಿ, ಅಡ್ಡ ನಡೆಯುವುದೇಕೆಂದಾದರೂ ಹೇಳಯ್ಯಾ!"

"ಇಷ್ಟು ಹೊತ್ತು ನೋಡಿದಿರಲ್ಲ, ಮಾವ," ಎಂದು ಒಳಗಿನಿಂದ ಉತ್ತರ ಬಂತು. "ನೆಟ್ಟಗೆ ನಡೆಯುವವರು ಮನೆ ಸೇರಬೇಕಾದರೆ ನಿಮ್ಮಂಥವರಿಗೆ ಬೆನ್ನು ಹಾಕಬೇಕಾಗುತ್ತದೆ."