ಕೊಯ್ದಾಗ ದ್ರಾಕ್ಷಿ ಬಳ್ಳಿ ಅಳುವುದೇಕೆ

ನದಿಗಳಿಗೆ ಇನ್ನೂ ತಮ್ಮ ದಾರಿ ಗೊತ್ತಿರಲಿಲ್ಲ. ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ. ಭೂಮಿ ಅಷ್ಟು ಹೊಸದಾಗಿತ್ತು. ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಒಂದು ದ್ರಾಕ್ಷಿ ಬಳ್ಳಿ.

ಅದು ಒಂದು ಕಲ್ಲುಗುಡ್ಡದ ಇಳಿಜಾರಿನಲ್ಲಿತ್ತು. ಅದನ್ನು ಮಗಳಂತೆ ಸಾಕಿದವಳು ತಂಗೆವ್ವ. ಕೆಳಗಿನ ಹೊಳೆಯಿಂದ ನೀರು ಹೊತ್ತು ತಂದು ಎರೆಯುತ್ತಿದ್ದಳು. ಹಕ್ಕಿಗೊಂದು ಗೊನೆ, ದಾರಿಹೋಕರಿಗೊಂದು ಗೊನೆ ಕೊಡುತ್ತಿದ್ದಳು. ಮಿಕ್ಕ ಹಣ್ಣನ್ನು ಹಿಂಡಿ ಮಡಕೆಯಲ್ಲಿಟ್ಟರೆ, ರಸ ತಾನಾಗಿಯೇ ಗುಳುಗುಳು ಎಂದು ಹಾಡುತ್ತಿತ್ತು. ಕುಡಿದವರೂ ಹಾಡುತ್ತಿದ್ದರು.

ಆ ರಸದ ಘಮ ದೂರ ದೂರ ಹೋಯಿತು. ಹೋಗಬಾರದ ಕಡೆಗೂ ಹೋಯಿತು.

ಒಂದು ದಿನ ಗಾಳಿ ಏದುಸಿರು ಬಿಡುತ್ತ ಓಡಿ ಬಂತು. "ತಂಗೆವ್ವಾ! ಬಡಗಣದಿಂದ ಶೀತರಾಯ ಹೊರಟಿದ್ದಾನೆ. ತೆಂಕಣದಿಂದ ಉರಿರಾಯ ಹೊರಟಿದ್ದಾನೆ. ಇಬ್ಬರಿಗೂ ನಿನ್ನ ಬಳ್ಳಿಯೇ ಬೇಕಂತೆ!"

ತಂಗೆವ್ವ ತಲೆಯೆತ್ತಿದಳು. ಒಂದು ಕಡೆ ಆಕಾಶ ಸುಣ್ಣದಂತೆ ಬಿಳುಚಿತ್ತು. ಇನ್ನೊಂದು ಕಡೆ ಕಾದ ಹೆಂಚಿನಂತೆ ಕೆಂಪಾಗಿತ್ತು. ನಡುವೆ ಅವಳ ಬಳ್ಳಿ ಗಡಗಡ ನಡುಗುತ್ತಿತ್ತು.

ಶೀತರಾಯ ಮೊದಲು ಬಂದ. ಅವನು ಕಾಲಿಟ್ಟಲ್ಲಿ ಹುಲ್ಲು ಕಟಕಟನೆ ಮುರಿಯಿತು. "ಈ ಬಳ್ಳಿಯನ್ನು ಮಂಜುಗಡ್ಡೆಯೊಳಗೆ ಇಟ್ಟುಕೊಳ್ಳುತ್ತೇನೆ. ಇನ್ನು ಯಾರೂ ಮುಟ್ಟುವಂತಿಲ್ಲ," ಎಂದ.

"ಮಂಜುಗಡ್ಡೆಯೊಳಗೆ ನನ್ನ ಮಗಳು ಉಸಿರಾಡುವುದು ಹೇಗಪ್ಪಾ?" ಎಂದಳು ತಂಗೆವ್ವ.

"ಅದು ನನಗೆ ಬೇಡದ ಮಾತು."

ಅಷ್ಟರಲ್ಲಿ ಉರಿರಾಯ ಗುಡ್ಡ ಹತ್ತಿ ಬಂದ. "ಬಿಡೋ ಅವಳನ್ನು! ಒಣಗಿಸಿ ನನ್ನ ಜೋಳಿಗೆಗೆ ಹಾಕಿಕೊಳ್ಳುತ್ತೇನೆ."

"ಒಣಗಿದ ಮೇಲೆ ಅವಳು ಚಿಗುರುವುದು ಹೇಗಪ್ಪಾ?"

"ಅದು ನನಗೂ ಬೇಡದ ಮಾತು!"

ಇಬ್ಬರೂ ಬಳ್ಳಿಗೆ ಕೈ ಹಾಕಿದರು. ಒಬ್ಬ ಆಚೆ ಎಳೆದ, ಒಬ್ಬ ಈಚೆ ಎಳೆದ. ಆಚೆಯ ಎಲೆಗಳು ಹೆಪ್ಪುಗಟ್ಟಿ ಕಪ್ಪಾದವು. ಈಚೆಯ ಎಲೆಗಳು ಸುಟ್ಟು ಸುರುಟಿಕೊಂಡವು. ತಂಗೆವ್ವ ಬುಡವನ್ನು ತಬ್ಬಿ ಹಿಡಿದಳು. ಒಳಗಿನಿಂದ ಬೇರು ಲಟಕ್ ಎಂದದ್ದು ಅವಳ ಎದೆಗೇ ಕೇಳಿಸಿತು.

"ಅವ್ವಾ," ಬಳ್ಳಿ ಪಿಸುಗುಟ್ಟಿತು, "ನನ್ನನ್ನು ಕೊಯ್ದುಬಿಡು."

"ಏನಂದೆ? ನನ್ನ ಕೈಯಾರೆ?"

"ನನ್ನ ಕಡ್ಡಿಕಡ್ಡಿಯಲ್ಲೂ ಜೀವ ಇದೆ. ಒಂದಾಗಿದ್ದರೆ ಹಿಡಿಯುತ್ತಾರೆ. ನೂರಾದರೆ ಯಾವುದನ್ನು ಹಿಡಿಯುತ್ತಾರೆ? ಬೇಗ, ಅವ್ವಾ!"

ತಂಗೆವ್ವ ಕಲ್ಲಿನ ಕುಡುಗೋಲು ಎತ್ತಿದಳು. ಕೊಯ್ಯಲು ಮನಸ್ಸಾಗಲಿಲ್ಲ. ಶೀತರಾಯನ ಬೆರಳು ಬುಡದ ಹತ್ತಿರ ಬಂತು. ಉರಿರಾಯನ ಬೆರಳೂ ಬಂತು. ಅವಳು ಕಣ್ಣು ಮುಚ್ಚಿ ಕೊಯ್ದಳು. ಮತ್ತೆ ಕೊಯ್ದಳು. ಮತ್ತೆ, ಮತ್ತೆ.

"ಗಾಳಿಯಪ್ಪಾ, ಹಿಡಿದುಕೋ! ಹೊಳೆಯವ್ವಾ, ಹಿಡಿದುಕೋ!"

ಗಾಳಿ ಕಡ್ಡಿಗಳನ್ನು ಬಾಚಿಕೊಂಡು ಹಾರಿತು. ಹೊಳೆ ಮಡಿಲಲ್ಲಿ ತುಂಬಿಕೊಂಡು ಕಡಲಿನತ್ತ ಓಡಿತು. ರಾಯರಿಬ್ಬರೂ ಬೊಬ್ಬೆ ಹೊಡೆಯುತ್ತ ಬೆನ್ನಟ್ಟಿದರು. ಶೀತರಾಯ ಹಿಡಿದ ಕಡ್ಡಿಗಳು ಮರಗಟ್ಟಿ ಸತ್ತವು. ಉರಿರಾಯ ಹಿಡಿದ ಕಡ್ಡಿಗಳು ಕರಕಲಾದವು. ಆದರೆ ಇಬ್ಬರಿಗೂ ಸಿಗದೆ, ಹಿಮದ ನಾಡಿಗೂ ಬೆಂಕಿಯ ನಾಡಿಗೂ ನಡುವೆ ಬಿದ್ದ ಕಡ್ಡಿಗಳು ಎಷ್ಟೋ! ಅವು ಹೊಳೆದಂಡೆಯ ಇಳಿಜಾರಿನಲ್ಲಿ, ಕಡಲಾಚೆಯ ಬೆಟ್ಟಗಳ ಕಾಲಡಿಯಲ್ಲಿ, ಎರೆಮಣ್ಣಿನ ಬಯಲಿನಲ್ಲಿ ಮೆಲ್ಲಗೆ ಬೇರು ಬಿಟ್ಟವು. ರಾಯರಿಬ್ಬರೂ ಬರಿಗೈಯಲ್ಲಿ ತಮ್ಮ ತಮ್ಮ ನಾಡಿಗೆ ಹಿಂದಿರುಗಿದರು.

ಇತ್ತ ಗುಡ್ಡದಲ್ಲಿ ಉಳಿದದ್ದು ಒಂದು ಮೋಟು. ಕೊಯ್ದ ಬಾಯಿಯಿಂದ ತೊಟ್ಟು ತೊಟ್ಟಾಗಿ ನೀರು ಸುರಿಯುತ್ತಿತ್ತು. ತಂಗೆವ್ವ ಅಂಗೈ ಒತ್ತಿ ಹಿಡಿದಳು. ನಿಲ್ಲಲಿಲ್ಲ. ಸೆರಗು ಸುತ್ತಿದಳು. ಸೆರಗೂ ನೆನೆಯಿತು. ಕರೆದಳು. ಬಳ್ಳಿ ಮಾತಾಡಲಿಲ್ಲ.

"ನಾನೇ ಕೊಂದೆ," ಎಂದುಕೊಂಡಳು. ಊಟ ಬಿಟ್ಟು ಪಕ್ಕದಲ್ಲೇ ಕುಳಿತಳು.

ಎಷ್ಟೋ ದಿನಗಳಾದ ಮೇಲೆ ಒಂದು ಬೆಳಗ್ಗೆ ನೀರು ನಿಂತಿತ್ತು. ಮೋಟಿನ ಮೈಮೇಲೆ ಗುಬ್ಬಿಯ ಕೊಕ್ಕಿನಷ್ಟು ಪುಟ್ಟ ಕೆಂಪು ಚಿಗುರೊಂದು ಒಡೆದಿತ್ತು.

"ಅವ್ವಾ, ಬಾಯಾರಿಕೆ," ಎಂದಿತು ಬಳ್ಳಿ.

ತಂಗೆವ್ವ ನಗುತ್ತ ಅಳುತ್ತ ಕೇಳಿದಳು, "ಅಷ್ಟೊಂದು ಅತ್ತೆಯಲ್ಲೇ, ನೋವಾಯಿತೇ?"

"ಆಯಿತು. ಆದರೆ ಈಗ ನಾನು ಎಲ್ಲೆಲ್ಲೂ ಇದ್ದೇನೆ."

ಮಕ್ಕಳೇ, ಅಂದಿನಿಂದ ಇಂದಿನವರೆಗೆ ಫ್ರಾನ್ಸಿನ ಗುಡ್ಡವಾಗಲಿ, ಚಿಲಿಯ ಕಣಿವೆಯಾಗಲಿ, ನಮ್ಮ ವಿಜಯಪುರದ ತೋಟವೇ ಆಗಲಿ, ಚಾಟನಿ ಮಾಡಿದ, ಅಂದರೆ ಕಡ್ಡಿ ಕತ್ತರಿಸಿದ, ದ್ರಾಕ್ಷಿ ಬಳ್ಳಿಯ ತುದಿಯಿಂದ ಮೊದಲು ಕಣ್ಣೀರು ತೊಟ್ಟಿಕ್ಕುತ್ತದೆ, ಆಮೇಲೆ ಚಿಗುರು ಬರುತ್ತದೆ.