ಕಾಲುವೆ ಬಾಯಿಯ ಅಂತರಗಂಗೆ

"ಗುರುಗಳೇ, ನಿಜವನ್ನು ಕೋಪವಿಲ್ಲದೆ ಹೇಳಲು ಬರುವುದಿಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಬರುತ್ತದೆ, ಒಬ್ಬಳು ಆರು ವರ್ಷ ಹಾಗೇ ಹೇಳಿದಳು, ಎಂದರು ಗುರುಗಳು. ಈ ಕತೆಯಲ್ಲಿ ಅರ್ಧ ನಾನೇ ಸೇರಿಸಿದ್ದು, ಯಾವ ಅರ್ಧ ಎಂದು ಮಾತ್ರ ಕೇಳಬೇಡ ಎಂದು ಎಚ್ಚರಿಸಿ ಶುರುಮಾಡಿದರು.

ಒಂದು ಕೆರೆ. ಅದರ ದಡದಲ್ಲಿ ತಾಮ್ರದ ಪಾತ್ರೆ ಮಾಡಿಸುವ ಒಬ್ಬ ವ್ಯಾಪಾರಿಯ ಕಾರ್ಖಾನೆ. ಪಾತ್ರೆಗಳನ್ನು ಆಸಿಡ್‌ನಲ್ಲಿ ಅದ್ದಿ ತೊಳೆದ ನೀರು ಕಾಲುವೆ ಹಿಡಿದು ಕೆರೆಗೆ ಇಳಿಯುತ್ತಿತ್ತು. ಅದೇ ಕೆರೆಯಲ್ಲಿ ಒಬ್ಬ ಹೆಂಗಸು ಬಲೆ ಹಾಕಿ ಬದುಕುತ್ತಿದ್ದಳು. ಮೀನು ಸತ್ತು ತೇಲತೊಡಗಿದಾಗ ಅವಳು ಊರ ಹಿರಿಯರಿಗೆ ತಗ್ಗಿದ ದನಿಯಲ್ಲೇ ಹೇಳಿದಳು. ಮೀನು ಚಿರಂಜೀವಿಯೇನಮ್ಮಾ ಎಂದು ಅವರು ನಕ್ಕರು.

ಅವಳು ಕಾಲುವೆಯ ಬಾಯಿಗೆ ಬಿದಿರಿನ ಬೇಲಿ ಕಟ್ಟಿ, ಒಳಗೆ ಅಂತರಗಂಗೆಯನ್ನು ತೇಲಿಬಿಟ್ಟಳು. ಆ ಗಿಡ ನೀರಿನ ತಾಮ್ರವನ್ನು ಬೇರಿನಿಂದ ಹೀರುತ್ತದೆ. ಹೆಚ್ಚಾದರೆ ಎಲೆ ಹಳದಿಯಾಗಿ, ಬಿಳಿ ಬೇರು ಕಪ್ಪಾಗುತ್ತದೆ. ಬೇರು ಕಪ್ಪಾದಾಗಲೆಲ್ಲ ಅವಳು ಹಿರಿಯರಿಗೆ ಅದೇ ತಗ್ಗಿದ ದನಿಯಲ್ಲಿ ತಿಳಿಸುವಳು, ಆ ವಾರ ಬಲೆ ಹಾಕುತ್ತಿರಲಿಲ್ಲ. ಬಲೆ ಹಾಕದ ವಾರ ಅವಳ ಒಲೆಯೂ ಉರಿಯುತ್ತಿರಲಿಲ್ಲ. ಕೆಟ್ಟ ಗಿಡಗಳನ್ನು ತೆಗೆದು, ದನಗಳು ಬಾಯಿ ಹಾಕದಂತೆ ದೂರದ ಕಲ್ಲುಗುಂಡಿಯಲ್ಲಿ ಮುಚ್ಚಿ, ಹೊಸ ಗಿಡ ಬಿಡುವಳು. ನೀರು ಕೊಂಚ ಸುಧಾರಿಸಿತು. ವ್ಯಾಪಾರಿ ಅದನ್ನು ಕಂಡ. ಕುಡಿಯಲು ಗಿಡ ಇದೆಯಲ್ಲ ಎಂದು ಆಸಿಡ್ ನೀರನ್ನು ಎರಡರಷ್ಟು ಬಿಟ್ಟ.

ಆರನೆಯ ವರ್ಷ ಹಿರಿಯರು ಕೊನೆಗೂ ಮನಸ್ಸು ಮಾಡಿದರು. ನಾಲ್ಕು ದಿನ ಬಿಟ್ಟು ಬರುತ್ತೇವೆ, ಬೇರು ಕಪ್ಪಗಿದ್ದರೆ ಕಾಲುವೆ ಮುಚ್ಚಿಸುತ್ತೇವೆ ಎಂದು ಇಬ್ಬರಿಗೂ ಹೇಳಿಕಳಿಸಿದರು. ಬಂದು ನೋಡಿದರೆ ಎಲೆ ಹಚ್ಚಹಸಿರು, ಬೇರು ಅಚ್ಚಬಿಳಿ. ಹೆಂಗಸಿಗೆ ಸುಳ್ಳುಬುರುಕಿ ಎಂಬ ಹೆಸರು ಬಂತು. ವ್ಯಾಪಾರಿ ಹಿರಿಯರನ್ನು ನೆರಳಲ್ಲಿ ಕೂರಿಸಿ, ತನ್ನ ಕೊಟ್ಟಿಗೆಯ ಹಸುಗಳ ಮಜ್ಜಿಗೆ ಕೊಟ್ಟ.

ಅವಳು ನೀರಿಗಿಳಿದು ಒಂದು ಗಿಡ ಎತ್ತಿದಳು. ಒಂದೇ ಬಂತು. ಕೂಡಿ ಬೆಳೆದ ಅಂತರಗಂಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒಂದನ್ನೆತ್ತಿದರೆ ಹತ್ತು ಬರಬೇಕು. ಇವು ಬೇರೆ ಕೆರೆಯಿಂದ ತಂದು ಸುರಿದವು.

ತನ್ನ ಗಿಡಗಳೆಲ್ಲಿ ಎಂದು ಕೇಳಿದಳು. ವ್ಯಾಪಾರಿ ಬಾಯಿ ತೆರೆಯುವ ಮೊದಲೇ, ಲೋಟಗಳಿಗೆ ಮಜ್ಜಿಗೆ ಬಗ್ಗಿಸುತ್ತಿದ್ದ ಕೊಟ್ಟಿಗೆಯ ಆಳು ಹೆಮ್ಮೆಯಿಂದ ಉತ್ತರ ಕೊಟ್ಟ.

"ಒಂದೆಲೇನೂ ದಂಡ ಮಾಡಿಲ್ಲ ಕಣಕ್ಕಾ. ನಾಲ್ಕು ದಿನದಿಂದ ಹಸುಗಳಿಗೆ ಅದೇ ಮೇವು."

ಹಿರಿಯರ ಲೋಟಗಳು ತುಟಿಯ ಹತ್ತಿರವೇ ನಿಂತವು. ಆರು ವರ್ಷದಲ್ಲಿ ಮೊದಲ ಸಲ ಅವಳ ದನಿ ಏರಿತು.

"ಕುಡೀರಿ. ಬೇರು ಬೆಳ್ಳಗಿದೆ ಅಂದ್ರಲ್ಲ, ಕುಡೀರಿ. ಒಬ್ಬರೂ ಲೋಟ ಕೆಳಗಿಡಬಾರದು."

ಎಲ್ಲರೂ ಕೆಳಗಿಟ್ಟರು. ಆಗಲೇ ಎರಡು ಲೋಟ ಮುಗಿಸಿದ್ದ ಹಿರಿಯನೊಬ್ಬ ಗಂಟಲಿಗೆ ಬೆರಳು ಹಾಕಿಕೊಂಡು ಬೇಲಿಯ ಹಿಂದಕ್ಕೆ ಓಡಿದ. ಇದು ನಾನು ಸೇರಿಸಿದ್ದಲ್ಲ. ಸೂರ್ಯ ಮುಳುಗುವ ಮೊದಲು ಕಾಲುವೆಗೆ ಕಲ್ಲು ಗಾರೆ ಬಿತ್ತು.

ಗುರುಗಳು ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ.

"ಆ ಮಜ್ಜಿಗೆಯಲ್ಲಿ ನಿಜವಾಗಿ ವಿಷ ಇತ್ತೇ, ಗುರುಗಳೇ?"

"ಅವಳ ಮೀನು ತೇಲಿದಾಗ ನೀನೂ ಈ ಪ್ರಶ್ನೆ ಕೇಳಲಿಲ್ಲ."